ಆಟದ ಲೈಟು ಆಟಕ್ಕ, ಮನಿ ಲೈಟು ಮನಿಗೆ

ಅಕ್ಕಂದಿರ, ತಂಗ್ಯಾರ, ವೈನ್ಯಾರ, ಈ ಸಲ ಲೈಟಿನ ಮಾತು ಆಡೂಣು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ನಮ್ಮ ಬಳಗದ ಮನಿಗೋಳಾಗೂ ಈಗ ಹುಡುಗ್ರು ಗ್ವಾಡಿಗೆ ಬಣ್ಣದ ಎಲ್‌ಇಡಿ ಪಟ್ಟಿ ಅಂಟಿಸಾಕ ಹತ್ಯಾರ. ಹಾಡಿನ ತಾಳಕ್ಕ ಸರಿಯಾಗಿ ಕೈ ಆಡಸೋ ಆಟ ಅದಾವಲ್ಲ, ಆ ತಾಳಕ್ಕ ಮನಿ ಲೈಟೂ ಕುಣೀಬೇಕು ಅನ್ನೋದು ಅವ್ರ ಆಸೆ.

ಇದು ಹೆಂಗ ನಡೀತೈತಿ ಅಂದ್ರ, ಇಎಸ್‌ಪಿ 8266 ಅನ್ನೋ ಬೆಂಕಿಪೊಟ್ಟಣದಷ್ಟ ಸಣ್ಣ ಬೋರ್ಡ್ ತರತಾರ. ಅದರಾಗ ಡಬ್ಲ್ಯುಎಲ್‌ಇಡಿ ಅನ್ನೋ ಪುಗಸಟ್ಟೆ ಸಾಫ್ಟ್‌ವೇರ್ ಹಾಕತಾರ. ಆಟ ಆಡೋ ಕಂಪ್ಯೂಟರು ವೈಫೈ ಮ್ಯಾಲೆ ಸುದ್ದಿ ಕಳಸತೈತಿ, ಬೋರ್ಡು ಪಟ್ಟಿಗೆ ಹೇಳತೈತಿ, ಪಟ್ಟಿ ಮಿಣಕತೈತಿ. ನಾ ಇದಕ್ಕ ಬ್ಯಾಡ ಅನ್ನಾಕಿ ಅಲ್ಲ. ಬರೇ ರೀಲ್ಸ್ ನೋಡ್ಕೋತ ಕೂಡೂದಕ್ಕಿಂತ ವೈರು ಬೆಸಿಯೂದು ಕಲಿಯೂದು ಚಲೋನ. ಆದ್ರ ಆ ಹುರುಪಿನಾಗ ಪಡಸಾಲಿ, ಬಚ್ಚಲದ ಲೈಟನ್ನೂ ಫೋನಿಗೆ ಕಟ್ಟಾಕ ಬರತಾರ ನೋಡ್ರಿ, ಅಲ್ಲೇ ನಾವು ತಡೀಬೇಕು.

ಸ್ಮಾರ್ಟ್ ಬಲ್ಬಿಗೆ ಯಾವಾಗಲೂ ಕರೆಂಟ್ ಇರಬೇಕು. ಗ್ವಾಡಿ ಸ್ವಿಚ್ ಬಂದ್ ಮಾಡಿದ್ರ ಫೋನಿನಿಂದ ಹತ್ತಂಗಿಲ್ಲ. ಅದಕ್ಕ ಹುಡುಗ್ರು ಸ್ವಿಚ್ಚಿಗೆ ಟೇಪ್ ಸುತ್ತಿ ಬಿಡತಾರ. ರಾತ್ರಿ ಮೂರಕ್ಕ ಎದ್ದ ಅತ್ತಿಯವ್ರ ಕೈ ಫೋನಿಗೆ ಹೋಗತೈತೇನ್ರಿ? ಸ್ವಿಚ್ಚಿಗೇ ಹೋಗತೈತಿ. ಕತ್ತಲಾಗ ಎಡವಿ ಸೊಂಟ ಮುರಕೊಂಡ್ರ ಯಾವ ಹಾಡೂ ಕೆಲಸಕ್ಕ ಬರಂಗಿಲ್ಲ. ಎರಡೂ ಬೇಕಂದ್ರ ಸ್ವಿಚ್ಚಿನ ಹಿಂದ ಕೂಡ್ರಸೋ ಸಣ್ಣ ರಿಲೇ ಬರತಾವ. ಅದನ್ನ ಹಾಕಿದ್ರ ಸ್ವಿಚ್ಚೂ ನಡೀತೈತಿ, ಫೋನೂ ನಡೀತೈತಿ. ಆದ್ರ ಅದು 230 ವೋಲ್ಟಿನ ಕೆಲಸ. ವೈರಮನ್‌ನ ಕರೀರಿ, ಮಗನ ಕೈಲೆ ಮಾಡಸಬ್ಯಾಡ್ರಿ.

ಬಣ್ಣದ ಪಟ್ಟಿಗೆ 5 ವೋಲ್ಟ್ ಸಾಕು, ಶಾಕ್ ಹೊಡಿಯಂಗಿಲ್ಲ. ಆದ್ರ ಬಿಸಿ ಆಗತೈತಿ. ಲೆಕ್ಕ ಕೇಳ್ರಿ: ಈ ಕೆಲಸಕ್ಕ ತರೋ ಪಟ್ಟಿಯೊಳಗ ಮೀಟರಿಗೆ 60 ದೀಪ ಇದ್ರ, 5 ಮೀಟರಿಗೆ 300. ಪೂರ್ತಿ ಬಿಳಿ ಬೆಳಕು ಹಚ್ಚಿದ್ರ ಒಂದೊಂದು ದೀಪ 60 ಮಿಲಿಆಂಪಿಯರ್ ತನಕ ಎಳೀತೈತಿ, ಒಟ್ಟು 18 ಆಂಪಿಯರ್. ನಮ್ಮ ಫೋನ್ ಚಾರ್ಜರ್ ಕೊಡೂದು 2 ಆಂಪಿಯರ್ ಆಜೂಬಾಜೂ. ಅದಕ್ಕ ಸರಿಯಾದ ಪವರ್ ಸಪ್ಲೈ, ದಪ್ಪ ವೈರು, ಒಂದು ಫ್ಯೂಸ್ ಬೇಕ ಬೇಕು. ಸಾಫ್ಟ್‌ವೇರಿನಾಗ ಎಷ್ಟು ಕರೆಂಟ್ ಎಳೀಬೇಕು ಅನ್ನೋ ಮಿತಿ ಹಾಕಾಕೂ ಬರತೈತಿ. ಲೈಟು ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ಇರಬೇಕ್ರಿ, ಬಣ್ಣ ಭರಪೂರ, ಖಾರ ಕಡಿಮಿ.

ಇನ್ನ ಮಿಣುಕೋ ಮಾತು. ಚೆಕ್ ದೇಶದ ಕಂಪನಿಯೊಂದು 2018ರಾಗ ತಂದ ಬೀಟ್ ಸೇಬರ್ ಅನ್ನೋ ಆಟಕ್ಕ ಕಣ್ಣಿಗೆ ಡಬ್ಬಿ ಕಟ್ಟಿಕೊಂಡು ಆಡತಾರ. ಆಡಾವಗ ಮನಿ ಲೈಟು ಕಾಣಂಗೇ ಇಲ್ಲ! ಅದರ ಮಿಣುಕು ತಡಕೊಳ್ಳಾವ್ರು ಮಗ್ಗಲಾಗ ಕೂತ ನಾವು, ನಮ್ಮ ಸಣ್ಣ ಮಕ್ಕಳು. ಮೂರ್ಛೆ ರೋಗ ಇದ್ದಾವ್ರಾಗ ನೂರಕ್ಕ ಸುಮಾರು 3 ಮಂದಿಗೆ ಮಿಣುಕೋ ಬೆಳಕಿನಿಂದ ಫಿಟ್ಸ್ ಬರತೈತಿ, ಅದೂ ಮಕ್ಕಳು, ಹರೇದ ಹುಡುಗ್ರಿಗೆ ಜಾಸ್ತಿ. 1997ರ ಡಿಸೆಂಬರ್ 16ಕ್ಕ ಜಪಾನಿನಾಗ ಪೋಕೆಮಾನ್ ಕಾರ್ಟೂನಿನ ಕೆಂಪು-ನೀಲಿ ಮಿಣುಕು ನೋಡಿ 600ಕ್ಕಿಂತ ಹೆಚ್ಚು ಮಂದಿ ದವಾಖಾನಿಗೆ ಹೋದ್ರು. ವೆಬ್ ಪುಟ ಮಾಡಾವ್ರಿಗೆ ಒಂದು ನಿಯಮ ಐತಿ, ಸೆಕೆಂಡಿಗೆ 3 ಸಲಕ್ಕಿಂತ ಜಾಸ್ತಿ ಮಿಣಕಬಾರದು ಅಂತ. ಮನಿಗೂ ಅದನ್ನ ಇಟ್ಕೊಳ್ರಿ. ನಿಮಿಷಕ್ಕ 120 ತಾಳದ ಹಾಡು ಸೆಕೆಂಡಿಗೆ 2 ಸಲ ಮಿಣಕತೈತಿ, ನಡೀತೈತಿ. ಅರ್ಧ ತಾಳಕ್ಕೂ ಮಿಣಕಿಸಿದ್ರ 4 ಆತು, ಬ್ಯಾಡ. ಹತ್ತಿ ಆರೂದು ಬಿಟ್ಟು ಮೆಲ್ಲಕ ಬಣ್ಣ ಬದಲಾಗೂ ಹಂಗ ಮಾಡಿದ್ರ ಇನ್ನೂ ಚಲೋ. ಮನ್ಯಾಗ ಯಾರಿಗರ ಫಿಟ್ಸ್ ಇದ್ರ ಡಾಕ್ಟರ್‌ನ ಕೇಳೋತನಕ ಹಚ್ಚಾಕ ಹೋಗಬ್ಯಾಡ್ರಿ.

"ಅವ್ವಾ, ನಿನಗ ಇದೆಲ್ಲ ತಿಳಿಯಂಗಿಲ್ಲ" ಅಂತಾರ ಮಕ್ಕಳು. ಪ್ರೋಗ್ರಾಮ್ ತಿಳಿಯೂದು ಬ್ಯಾಡ ಬಿಡ್ರಿ. ಮೂರು ಮಾತು ಕೇಳಿದ್ರ ಸಾಕು: ವೈಫೈ ಬಂದ್ ಆದ್ರ ಅಜ್ಜಿ ಕೈಲೆ ಲೈಟ್ ಹತ್ತತೈತಿಲ್ಲೊ? ಅರ್ಧ ತಾಸು ಹಚ್ಚಿಟ್ಟ ಮ್ಯಾಲೆ ಅಡಾಪ್ಟರು, ವೈರು ಮುಟ್ಟಿದ್ರ ಕೈ ಸುಡತೈತೊ ಹೆಂಗ? ಸೆಕೆಂಡಿಗೆ ಎಷ್ಟು ಸಲ ಮಿಣಕತೈತಿ? ಮೂರಕ್ಕೂ ಸರಿಯಾದ ಉತ್ತರ ಬಂತಂದ್ರ ಪಟ್ಟಿ ಅವನ ಕೋಲ್ಯಾಗ ಬೇಕಾದಂಗ ಕುಣೀಲಿ. ಪಡಸಾಲಿ, ಬಚ್ಚಲ, ಮೆಟ್ಟಲದ ಲೈಟಿನ ತಂಟಿಗೆ ಮಾತ್ರ ಬರೂದು ಬ್ಯಾಡ ಅಂತ ಹೇಳ್ರಿ. ಅವು ಸ್ವಿಚ್ ಒತ್ತಿದ ಕೂಡಲೇ ಹತ್ತಬೇಕು, ಒತ್ತಾವ್ರು ಯಾರೇ ಇರಲಿ.