ಸಿಡಿಯದ ಸ್ಟೋವು

ನಮ್ಮ ಮನೆಯ ಗೋಡೆಯ ಮೇಲೆ ಸೋದರತ್ತೆಯ ಫೋಟೋ ಇದೆ. ಕೇಳಿದವರಿಗೆಲ್ಲ ನಾವು ಹೇಳುತ್ತ ಬಂದದ್ದು ಒಂದೇ ಮಾತು: ‘ಸ್ಟೋ ಸಿಡದು ಸತ್ಲು.’ ಮೇಲೆ ಇನ್ನೊಂದು: ‘ಮುತ್ತೈದಿ ಸಾವು, ಪುಣ್ಯಾ ಮಾಡಿದ್ಲು.’ ಸುಟ್ಟು ಸತ್ತವಳಿಗೆ ಎಂಥ ಪುಣ್ಯ, ಗೆಳತಿಯರೇ?

1988ರ ಮಾತು. ಖಾನಾಪುರದಿಂದ ಬೆಳಗಾವಿಗೆ ಕೊಟ್ಟಿದ್ದರು. ಮದುವೆಯಾಗಿ ಎರಡೂವರೆ ವರ್ಷ. ಮಾತಾಡಿದ ಐದು ತೊಲೆಯಲ್ಲಿ ಎರಡು ತೊಲೆ ಬಾಕಿ. ‘ಅಪ್ಪಾ, ಪಂಚಮಿಯೊಳಗ ಕೊಡ್ರಿ, ಇಲ್ಲಂದ್ರ ನನ್ನ ಕರಕೊಂಡ ಹೋಗ್ರಿ’ ಎಂದು ಅವಳು ಬರೆದ ಇನ್‌ಲ್ಯಾಂಡ್ ಪತ್ರ ಬಂದಿತ್ತು. ಕೊಡಲಿಲ್ಲ, ಕರೆದುಕೊಂಡೂ ಬರಲಿಲ್ಲ. ಪಂಚಮಿಗೆ ಮೊದಲೇ ಸುದ್ದಿ ಬಂತು.

‘ಯಾರ ಮೇಲೂ ಸಂಶಯವಿಲ್ಲ’ ಎಂದು ಪೊಲೀಸರ ಮುಂದೆ ಸಹಿ ಹಾಕಿದವನು ನನ್ನ ಅಜ್ಜ. ಮನೆಯಲ್ಲಿ ಇನ್ನೂ ಇಬ್ಬರು ಹೆಣ್ಣುಮಕ್ಕಳು ಮದುವೆಗಿದ್ದರಲ್ಲ! ಪತ್ರವನ್ನು ಒಲೆಗೆ ಹಾಕಿದವಳು ನನ್ನ ಅಜ್ಜಿ. ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಲೇಬೇಕು.

ತಿಂಗಳಾದ ಮೇಲೆ ಬೀಗರು ಮದುವೆಯ ಸಾಮಾನು ತಿರುಗಿ ಕಳಿಸಿದರು. ಹಂಡೆ, ಕೊಡ, ತಾಟುಗಳ ನಡುವೆ ಆ ಹಿತ್ತಾಳೆಯ ಪಂಪ್ ಸ್ಟೋವೂ ಇತ್ತು. ಎಣ್ಣೆಯ ಟಾಕಿಗೆ ಒಂದು ನೆಗ್ಗೂ ಇರಲಿಲ್ಲ. ಕೇಸೇ ಇಲ್ಲದಿದ್ದಾಗ ಜಪ್ತಿ ಮಾಡುವವರು ಯಾರು? ಮುಂದೆ ಎಷ್ಟೋ ವರ್ಷ ಅದರ ಮೇಲೆಯೇ ನಮ್ಮ ಚಹಾ ಕುದಿಯಿತು. ‘ಸಿಡಿದ’ ಸ್ಟೋವಿನ ಮೇಲೆ! ಕುಡಿದವರು ಯಾರೂ ಕೇಳಲಿಲ್ಲ. ನಾನೂ ಕುಡಿದಿದ್ದೇನೆ.

ಕಾನೂನು ಇರಲಿಲ್ಲವೇ? ಇತ್ತು. ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ವರದಕ್ಷಿಣೆ ಸಾವಿನ 304ಬಿ ಕಲಂ ಬಂದದ್ದು 1986ರಲ್ಲಿ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 80. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಸುಟ್ಟೋ ಗಾಯಗೊಂಡೋ ಅಸಹಜವಾಗಿ ಸತ್ತು, ಅದಕ್ಕೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಪೀಡಿಸಿದ್ದರೆಂದು ರುಜುವಾದರೆ ಕನಿಷ್ಠ 7 ವರ್ಷ ಜೈಲು, ಜೀವಾವಧಿಯೂ ಆಗಬಹುದು. ಇದು ರಾಜಿಯಾಗುವ ಅಪರಾಧವಲ್ಲ. ಆದರೆ ಪೀಡಿಸಿದ್ದರೆಂದು ಹೇಳಬೇಕಾದವರು ಯಾರು? ತವರಿನವರು. ಗಂಡನ ಮನೆಯವರು ಸುಟ್ಟರು, ನಾವು ಸಾಕ್ಷಿ ಸುಟ್ಟೆವು.

1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ಇಂಥ ‘ಸ್ಟೋವ್ ಸಿಡಿತ’ಗಳ ಬೆನ್ನು ಹತ್ತಿದ್ದರು. ಈಗ ಸ್ಟೋವು ಹೋಗಿ ಗ್ಯಾಸು ಬಂತು. ಸುಳ್ಳಿಗೇನು ಬರ? ‘ಕಾಲು ಜಾರಿ ಬಾವಿಗೆ ಬಿದ್ಲು,’ ‘ಹೊಟ್ಟೆನೋವು ತಾಳಲಾರದೆ ಎಣ್ಣಿ ಕುಡದ್ಲು’. ಸಂಘದ ಉಳಿತಾಯದ ಒಂದು ರೂಪಾಯಿ ಕಡಿಮೆ ಬಂದರೆ ಲೆಕ್ಕ ಕೇಳುವ ನಾವು, ಇಂಥ ಮಾತು ಕೇಳಿ ತಲೆ ಹಾಕುತ್ತ ಕೂಡುತ್ತೇವಲ್ಲ! ಮಗಳ ಪತ್ರ, ಫೋನಿಗೆ ಬಂದ ಮೆಸೇಜು ಅಳಿಸಬೇಡಿರಿ. ಹೇಳಿಕೆಗೆ ಸಹಿ ಮಾಡುವ ಮುಂಚೆ ಓದಿಸಿ ಕೇಳಿರಿ.

ಆ ಸ್ಟೋವು ಇನ್ನೂ ನಮ್ಮ ಅಟ್ಟದ ಮೇಲಿದೆ. ಬರುವ ವಾರದ ಸಭೆಗೆ ತರುತ್ತೇನೆ.