ಹಿತ್ತಲ ಕೋಳಿಗಳ ಊಟ

ಹುಬ್ಬಳ್ಳಿ-ಧಾರವಾಡಗಳಲ್ಲಿ ಹಿತ್ತಲಲ್ಲಿ ನಾಲ್ಕೆಂಟು ಕೋಳಿ ಸಾಕಿದ ಗೃಹಸ್ಥರು ಅನೇಕರು ಜೋಳದ ನುಚ್ಚನ್ನೂ ಮಿಕ್ಕ ಅನ್ನ-ರೊಟ್ಟಿಗಳನ್ನೂ ಚೆಲ್ಲಿ ತೃಪ್ತರಾಗುವರು. ಕೋಳಿಯ ಹೊಟ್ಟೆಯೇನೋ ತುಂಬುವದು; ತತ್ತಿ ಮಾತ್ರ ಕಡಿಮೆಯಾಗುವದು. ಇದರ ಕಾರಣವು ಲೆಕ್ಕದಿಂದಲೇ ತಿಳಿಯುವಂಥದು.

ಒಂದು ತತ್ತಿಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿರುತ್ತದೆ. ತತ್ತಿಯಿಡುವ ಕೋಳಿಯ ಆಹಾರದಲ್ಲಿ ಅದು ನೂರಕ್ಕೆ 16ರಷ್ಟಾದರೂ ಇರಬೇಕು. ಜೋಳದಲ್ಲಿರುವದು ಸುಮಾರು 10 ಮಾತ್ರ. ಶೇಂಗಾ ಹಿಂಡಿಯಲ್ಲಿ 40ರಷ್ಟು ಇರುವದರಿಂದ, ಮೂರು ಪಾಲು ನುಚ್ಚಿಗೆ ಒಂದು ಪಾಲು ಹಿಂಡಿಯನ್ನು ಬೆರೆಸಿದರೆ ಈ ಕೊರತೆಯು ನೀಗುವದು. ಹಿಂಡಿಯಲ್ಲಿ ಸಾಲದ ಅಂಶಗಳನ್ನು ಉಪ್ಪಿಲ್ಲದ ಒಣಮೀನಿನ ಪುಡಿಯೂ, ಕೋಳಿಯು ಕೆದರಿ ತಿನ್ನುವ ಹುಳುಗಳೂ ಒದಗಿಸುವವು. ತತ್ತಿಯ ಸಿಪ್ಪೆ ಗಟ್ಟಿಯಾಗಲು ಚಿಪ್ಪಿನ ಚೂರುಗಳನ್ನು ಬೇರೊಂದು ಬಟ್ಟಲಲ್ಲಿಡಬೇಕು.

ಒಂದು ಎಚ್ಚರಿಕೆ. ನಮ್ಮ ಕಡೆಯ ಜಿಟಿಜಿಟಿ ಮಳೆಗಾಲದಲ್ಲಿ ಹಿಂಡಿಗೆ ಬೂಷ್ಟು ಹಿಡಿಯುವದು ಬೇಗ. 1960ರಲ್ಲಿ ಇಂಗ್ಲಂಡದಲ್ಲಿ ಅಂಥ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಆ ಬೂಷ್ಟಿನ ವಿಷವು ಕುದಿಸಿದರೂ ಹೋಗದು. ಆದುದರಿಂದ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ಕೊಂಡು, ಒಣಗಿದ ಡಬ್ಬಿಯಲ್ಲಿಡಬೇಕು. ಕೆಟ್ಟುದನ್ನು ‘ಕೋಳಿಗಾದರೂ ಆಗಲಿ’ ಎಂದು ಹಾಕಲಾಗದು.

ಇನ್ನು ಮಕ್ಕಳು ಅಕ್ಕರೆಯಿಂದ ಹಾಕುವ ತಿನಿಸುಗಳ ಮಾತು. ಅವು ದಿನದ ಆಹಾರದ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಕೋಳಿಯೊಂದಕ್ಕೆ ಹಿಂದಿನ ಅಳತೆಯ ಒಂದು ತೊಲದಷ್ಟು. ಅದನ್ನೂ ಊಟವಾದ ಮೇಲೆ ಸಂಜೆಗೆ ಕೊಡುವದು ಲೇಸು. ತಿನಿಸಿನಿಂದಲೇ ಹೊಟ್ಟೆ ತುಂಬಿದ ಕೋಳಿ ಕೊಬ್ಬೀತು, ತತ್ತಿಯಿಡಲಾರದು. ಮಕ್ಕಳಿಗೆ ಈ ಮಾತನ್ನು ತಿಳಿಸಿ ಹೇಳಬೇಕೆಂದು ನಾವು ಗೃಹಿಣಿಯರಲ್ಲಿ ಬಿನ್ನವಿಸುತ್ತೇವೆ.