"ಹಳೇದಾಯ್ತು" ಅನ್ನೋದು ಕಾಯಿಲೆ ಹೆಸರಲ್ಲ

1/6
ಲ್ಯಾಪ್‌ಟಾಪ್ ಸ್ಲೋ ಆಯ್ತು ಅಂದ್ರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: "ಹಳೇದಾಯ್ತು ಮಗಾ, ಹೊಸದು ತಗೋ." ನಮ್ಮ ಕ್ಲಾಸಿನ ಗೆಳತಿಯೊಬ್ಬಳಿಗೆ ಅಂಗಡಿಯವರು ಇದನ್ನೇ ಹೇಳಿ ಕಳಿಸಿದ್ರು, ಹಿಂದಿನ ಮುಚ್ಚಳ ಕೂಡ ಬಿಚ್ಚದೆ. ಅವಳಪ್ಪ ಇಎಂಐ ವಿಚಾರಿಸೋಕೆ ಹೊರಟಿದ್ರು. ಜ್ವರ ಅಂತ ಹೋದವರಿಗೆ "ವಯಸ್ಸಾಯ್ತು ಬಿಡಿ" ಅನ್ನೋ ಡಾಕ್ಟರ್ ಹತ್ರ ನೀವು ಇನ್ನೊಂದ್ಸಲ ಹೋಗ್ತೀರಾ? ಉಬುಂಟು, ಮಿಂಟ್ ಯಾವುದೇ ಇರಲಿ, ದುಡ್ಡು ತೆಗೆಯೋ ಮುಂಚೆ ಪರೀಕ್ಷೆ ಮಾಡಿ. ಸ್ವೈಪ್ ಮಾಡಿ 👉

2/6
ಮೊದಲು ರ‍್ಯಾಮ್. ಎಂದಿನ ಹಾಗೆ ಕೆಲಸ ಮಾಡ್ತಾ ಇರಿ, ಸ್ಲೋ ಆದ ಕ್ಷಣದಲ್ಲೇ ಟರ್ಮಿನಲ್ ತೆರೆದು 'ಫ್ರೀ' ಕಮಾಂಡ್ ಕೊಡಿ. 'ಫ್ರೀ' ಕಾಲಂ ಕಡಿಮೆ ಇದ್ರೆ ಗಾಬರಿ ಬೇಡ. ಖಾಲಿ ಬಿದ್ದ ರ‍್ಯಾಮನ್ನು ಲಿನಕ್ಸ್ ಕ್ಯಾಶ್‌ಗೆ ಬಳಸಿಕೊಳ್ಳುತ್ತೆ, ಬೇಕಾದಾಗ ಬಿಟ್ಟುಕೊಡುತ್ತೆ. ನೋಡಬೇಕಾದ್ದು 'ಅವೈಲಬಲ್' ಕಾಲಂ. ಅದು ತಳ ಮುಟ್ಟಿ, ಸ್ವಾಪ್ ತುಂಬ್ತಾ ಇದ್ರೆ ರ‍್ಯಾಮ್ ಸಾಲ್ತಿಲ್ಲ ಅಂತರ್ಥ. 4 ಜಿಬಿಯಲ್ಲಿ 20 ಟ್ಯಾಬ್ ತೆರೆದಿಟ್ಟು ಲ್ಯಾಪ್‌ಟಾಪನ್ನ ಬೈದ್ರೆ ಅದೇನು ಮಾಡುತ್ತೆ ಪಾಪ?

3/6
ಎರಡನೇದು ಡಿಸ್ಕ್. 'ಟಾಪ್' ಕಮಾಂಡಿನ ಮೇಲಿನ ಸಾಲುಗಳಲ್ಲಿ 'ಡಬ್ಲ್ಯುಎ' ಅಂತ ಒಂದು ಅಂಕಿ ಇರುತ್ತೆ. ಪ್ರೊಸೆಸರ್ ಕೆಲಸವಿಲ್ಲದೆ ಡಿಸ್ಕ್‌ಗಾಗಿ ಕಾಯ್ತಾ ಕೂತ ಸಮಯದ ಪಾಲು ಅದು. ನಿಮಿಷಕ್ಕೆ 5400 ಸುತ್ತು ತಿರುಗೋ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತಿಗೇ ಸುಮಾರು 11 ಮಿಲಿಸೆಕೆಂಡ್ ಬೇಕು. ಚೂರುಚೂರು ಫೈಲ್ ಸಾವಿರ ಸಲ ಹುಡುಕೋವಾಗ ಲೆಕ್ಕ ಹಾಕಿ. ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ. ಗೆಳತಿಯ ಲ್ಯಾಪ್‌ಟಾಪಿನ ಕಾಯಿಲೆ ಇದೇ ಆಗಿತ್ತು. ಎಸ್‌ಎಸ್‌ಡಿ ಹಾಕಿದ ಮೇಲೆ ಇಎಂಐ ಮಾತೇ ಬರಲಿಲ್ಲ. ಆದ್ರೆ ನೆನಪಿರಲಿ: ಡಿಸ್ಕ್ ಕೆಡ್ತಾ ಇದ್ರೂ ಹೀಗೇ ಸ್ಲೋ ಆಗುತ್ತೆ. ಏನು ಮಾಡೋ ಮೊದಲೂ ಪ್ರಾಜೆಕ್ಟ್, ಫೋಟೋ ಎಲ್ಲ ಬ್ಯಾಕಪ್ ತಗೊಳ್ಳಿ.

4/6
ಮೂರನೇದು ಬಿಸಿ. ಆನ್ ಮಾಡಿದಾಗ ಚೆನ್ನಾಗಿದ್ದು, ಅರ್ಧ ಗಂಟೆಗೆ ಫ್ಯಾನ್ ಕೂಗಿ ಎಲ್ಲ ನಿಧಾನ ಆಗುತ್ತಾ? ತುಂಬಾ ಬಿಸಿಯಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳೋಕೆ ತಾನೇ ವೇಗ ಇಳಿಸುತ್ತೆ. ಫ್ಯಾನ್‌ನಲ್ಲಿ ಧೂಳು, ಒಣಗಿದ ಥರ್ಮಲ್ ಪೇಸ್ಟ್: ಕಾರಣ ಬಹಳ ಸಲ ಇಷ್ಟೇ. ಹಾಸಿಗೆ ಮೇಲಿಟ್ಟು ಗಾಳಿ ಕಿಂಡಿ ಮುಚ್ಚೋದನ್ನೂ ಬಿಡಿ.

5/6
ಈಗ ಲಿನಕ್ಸ್ ಪಂಡಿತರಿಗೆ ಒಂದು ಮಾತು. "ಡಿಸ್ಟ್ರೋ ಬದಲಾಯಿಸು" ಅನ್ನೋದೂ "ಹೊಸದು ತಗೋ" ಅನ್ನೋದರ ತಮ್ಮನೇ! ಗ್ನೋಮ್ ಬಿಟ್ಟು ಎಕ್ಸ್‌ಎಫ್‌ಸಿಇ ಹಾಕಿದ್ರೆ ಸ್ವಲ್ಪ ರ‍್ಯಾಮ್ ಉಳಿಯುತ್ತೆ, ನಿಜ. ಜೀರ‍್ಯಾಮ್ ಹಾಕಿದ್ರೆ ಡೇಟಾನ ಕುಗ್ಗಿಸಿ ರ‍್ಯಾಮ್‌ನಲ್ಲೇ ಇಡುತ್ತೆ, ಅದೂ ಒಳ್ಳೇದೇ. ಆದ್ರೆ ಕೆಟ್ಟ ಡಿಸ್ಕ್, ಧೂಳು ಹಿಡಿದ ಫ್ಯಾನ್ ಯಾವ ಡಿಸ್ಟ್ರೋದಿಂದ ಸರಿಹೋಗುತ್ತೆ? ಬ್ರೌಸರ್ ಎಲ್ಲಿ ಹೋದ್ರೂ ಅದೇ ಭಾರ. ಕಾರಣ ನೋಡದೆ ವಾರಕ್ಕೊಂದು ಇನ್‌ಸ್ಟಾಲ್ ಮಾಡಿಸಿ ಜೂನಿಯರ್‌ಗಳ ತಲೆ ತಿನ್ನಬೇಡಿ.

6/6
ಕೆಲವು ಯಂತ್ರ ನಿಜಕ್ಕೂ ಮುಗಿದಿರುತ್ತೆ. 2 ಜಿಬಿ ರ‍್ಯಾಮ್, ಅದೂ ಬೋರ್ಡಿಗೇ ಬೆಸುಗೆ ಹಾಕಿದ್ದು ಅಂದ್ರೆ ನಾನೂ ಕೈ ಮುಗೀತೀನಿ. ಆದ್ರೆ ಆ ತೀರ್ಪು ಪರೀಕ್ಷೆ ಆದ ಮೇಲೆ ಬರಲಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ, ವಿಂಡೋಸ್ 11ಕ್ಕೆ ಆಗದ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಇದೇ "ಹಳೇದು" ಹಣೆಪಟ್ಟಿ ಬಿತ್ತು. ಅವುಗಳಲ್ಲಿ ಒಂದು ನಿಮ್ಮ ಮನೆ ಅಟ್ಟದ ಮೇಲೂ ಇರಬಹುದು. ಇಳಿಸಿ, ಧೂಳು ಒರೆಸಿ, ಅಳೆದು ನೋಡಿ. ಹತ್ತು ನಿಮಿಷದ ಕೆಲಸ ಕಣ್ರೋ, ಉಳಿಯೋದು ಅಪ್ಪ ಅಮ್ಮನ ದುಡ್ಡು.

'ಫ್ರೀ', 'ಟಾಪ್' ಎರಡರದ್ದೂ ಸ್ಕ್ರೀನ್‌ಶಾಟ್ ಡಿಎಂ ಮಾಡಿ, ಕೂತು ನೋಡೋಣ. "ಹೊಸದು ತಗೋ" ಅಂದ ಆ ಫ್ರೆಂಡನ್ನ ಕೆಳಗೆ ಟ್ಯಾಗ್ ಮಾಡೋದು ಮರೀಬೇಡಿ 😄

#ಲಿನಕ್ಸ್ #ಹಳೇಲ್ಯಾಪ್‌ಟಾಪ್ #ಮೊದಲುಅಳೆಯಿರಿ